ರವಿಕೆ ಕಣದ ಮೇಲೆ ಬಿದ್ದ ನವಿಲು

ಮೊನ್ನೆ ಕರಿಬೇವು ಕೀಳೋಕೆ ಬಂದಾಗ ಕೇಳಿದ್ರಲ್ಲ, ನಿಮ್ಮ ಮಹಡಿ ಕೋಣೆಯಲ್ಲಿ ರಾತ್ರಿ ಹತ್ತಾದರೂ ಅದೇನು ಬೆಳಕು, ಸಿನಿಮಾ ಹಾಕ್ತೀರಾ ಅಂತ? ಆವತ್ತು ಒಲೆ ಮೇಲೆ ಹಾಲಿಟ್ಟಿದ್ದೆ, ಮಾತು ಅರ್ಧಕ್ಕೇ ಬಿಟ್ಟು ಓಡಿದೆ. ಇವತ್ತು ಹಾಲೂ ಕಾಯಿಸಿ ಆಯ್ತು, ಸ್ಟ್ಯಾಂಡಿಗೆ ಕಟ್ಟಿದ್ದ ಕಣವನ್ನೂ ಬಿಚ್ಚಿ ಕೊಟ್ಟಾಯ್ತು. ಕಾಂಪೌಂಡಿನ ಈ ಮೂಲೆಗೆ ನುಗ್ಗೆಮರದ ನೆರಳಿದೆ, ಇತ್ತ ಬನ್ನಿ. ಪೂರ್ತಿ ಹೇಳ್ತೀನಿ.

ನನ್ನ ಕೋಣೆ ನೀವು ನೋಡಿದ್ದೀರಿ. ಹತ್ತಡಿ ಉದ್ದ, ಎಂಟಡಿ ಅಗಲ. ಆರಿ ವರ್ಕಿನ ಮರದ ಸ್ಟ್ಯಾಂಡೇ ಅರ್ಧ ಜಾಗ ನುಂಗುತ್ತೆ. ಮಿಕ್ಕ ಅರ್ಧದಲ್ಲಿ ಮುತ್ತು, ಚಮಕಿ, ಜರ್ದೋಸಿ ಡಬ್ಬಿಗಳು, ಒಂದು ಟೇಬಲ್ ಫ್ಯಾನು, ಮತ್ತೆ ನಾನು. ಹೊಲಿಯೋದು ನನಗೆ ಯಾವತ್ತೂ ಬೇಸರ ತಂದಿಲ್ಲ. ಸೂಜಿ ಹಿಡಿದು ಕೂತರೆ ಊಟದ ಹೊತ್ತು ಗೊತ್ತಾಗಲ್ಲ. ಬೇಸರ ಅಂದ್ರೆ ಅದಕ್ಕೂ ಮೊದಲಿನ ಕೆಲಸ, ಡಿಸೈನನ್ನ ಬಟ್ಟೆಗೆ ಇಳಿಸೋದು. ಟ್ರೇಸಿಂಗ್ ಕಾಗದದ ಮೇಲೆ ನವಿಲು ಬರೀಬೇಕು, ಗೆರೆಗುಂಟ ಸೂಜಿಯಲ್ಲಿ ಚುಚ್ಚಿ ಚುಚ್ಚಿ ತೂತು ಮಾಡ್ಬೇಕು, ಪುಡಿಗೆ ಸೀಮೆಎಣ್ಣೆ ಕಲಸಿ ಬಟ್ಟೆ ಉಂಡೆಯಲ್ಲಿ ಅದ್ದಿ ಉಜ್ಜಬೇಕು. ಒಂದು ಬೆನ್ನಿನ ಡಿಸೈನಿಗೆ ತೂತುಗಳೇ ಸಾವಿರ ಆಗ್ತವೆ. ಈಗ ಸೀಮೆಎಣ್ಣೆಗೂ ಪರದಾಟ. ಅದೆಲ್ಲ ಆದಮೇಲೆ ಮದುವಣಗಿತ್ತಿಯ ಅಮ್ಮ ಬಂದು, ‘ಇದೇ ನವಿಲು, ಆದರೆ ಎರಡು ಬೆರಳು ದೊಡ್ಡದು ಬೇಕಿತ್ತು ಕಣಮ್ಮಾ’ ಅಂದರೆ? ಮತ್ತೆ ಕಾಗದ, ಮತ್ತೆ ಚುಚ್ಚು. ಮೂವತ್ತಾರರ ಅಳತೆಗೆ ಒಂದು ಕಾಗದ, ನಲವತ್ತೆರಡಕ್ಕೆ ಇನ್ನೊಂದು. ಗೂಡಿನಲ್ಲಿ ಸುತ್ತಿಟ್ಟ ಕಾಗದದ ಸುರುಳಿಗಳನ್ನ ನೋಡಿದರೆ ಹಳೇ ಶಾನುಭೋಗರ ಮನೆಯ ಕಡತ ನೆನಪಾಗುತ್ತಿತ್ತು.

ಆ ತೂತು ಮಾಡಿದ ಕಾಗದ ಇದೆಯಲ್ಲ, ಅದನ್ನ ಕಿಟಕಿಗೆ ಹಿಡಿದರೆ ಒಂದು ಸೊಗಸಿದೆ. ಬೆಳಕು ಚುಕ್ಕಿ ಚುಕ್ಕಿಯಾಗಿ ತೂರಿ ಬಂದು ನವಿಲು ಹೊಳೆಯುತ್ತೆ. ಹಾಗೆ ಹಿಡಿದಾಗಲೆಲ್ಲ ನಮ್ಮಜ್ಜಿ ಊರಿನ ತೊಗಲು ಗೊಂಬೆ ಆಟ ಕಣ್ಣಿಗೆ ಕಟ್ಟುತ್ತೆ. ಮಳೆ ಹಿಂದೆ ಸರಿದ ವರ್ಷ ಆಟ ಆಡಿಸಿದರೆ ಮಳೆ ಬರುತ್ತೆ ಅಂತ ಊರವರೇ ಕರೆಸ್ತಿದ್ದರು. ಚರ್ಮವನ್ನ ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಬಣ್ಣ ಹಚ್ಚಿ, ಸೀತೆಯ ಒಡವೆ ಇರೋ ಕಡೆಯೆಲ್ಲ ಸಣ್ಣ ಸಣ್ಣ ತೂತು ಹೊಡೆದಿರ್ತಾರೆ. ಬಿಳಿ ಪರದೆಯ ಹಿಂದೆ ದೀಪ ಹಚ್ಚಿದರೆ ಬಣ್ಣ ಬಣ್ಣವಾಗಿಯೇ ಕಾಣುತ್ತೆ, ತೂತುಗಳು ಮಾತ್ರ ನಿಜವಾದ ಮುತ್ತಿನ ಹಾಗೆ ಮಿಣುಕುತ್ತವೆ. ಅಜ್ಜಿ ಮಡಿಲಲ್ಲಿ ಕೂತು ನಾನು ಕಥೆ ನೋಡ್ತಿರಲಿಲ್ಲ, ಸೀತೆಯ ಸರ ನೋಡ್ತಿದ್ದೆ. ಬೆಳಕು, ಅದರ ಮುಂದೆ ಚಿತ್ರ, ಚಿತ್ರದ ಮುಂದೆ ಬಟ್ಟೆ. ನೀವು ಕೇಳಿದ ಬೆಳಕು ಬರೋದು ನನ್ನ ಕೋಣೆಯ ಒಂದು ಪೆಟ್ಟಿಗೆಯಿಂದ, ಅದರಲ್ಲಿ ಇರೋದೂ ಅಷ್ಟೇ, ಅಲ್ವಾ? ನಡುವೆ ಒಂದು ಲೆನ್ಸ್ ಸೇರಿಕೊಂಡಿದೆ.

ಪೆಟ್ಟಿಗೆ ಕಟ್ಟಿದವನು ತಮ್ಮನ ಮಗ. ಡಿಪ್ಲೊಮಾ ಮುಗಿಸಿ ಬೆಂಗಳೂರಲ್ಲಿದ್ದಾನೆ. ಭಾನುವಾರ ಬಂತು ಅಂದ್ರೆ ಎಸ್.ಪಿ. ರಸ್ತೆ ಸುತ್ತಮುತ್ತ ಹಳೇ ಸಾಮಾನು ಹುಡುಕೋದೇ ಅವನ ಕಸುಬು. ಯುಗಾದಿಗೆ ಬಂದಾಗ ಒಡೆದುಹೋದ ಪುಟ್ಟ ಟಿವಿಯೊಂದರಿಂದ ಬಿಚ್ಚಿದ 7 ಇಂಚಿನ ಎಲ್‌ಸಿಡಿ ಗಾಜು ತಂದಿದ್ದ. ‘ಅತ್ತೆ, ಇದರಲ್ಲಿ ಪ್ರೊಜೆಕ್ಟರ್ ಮಾಡೋಣ, ನಿಮ್ಮ ಗೋಡೆ ಮೇಲೆ ಅಣ್ಣಾವ್ರ ಸಿನಿಮಾ ನೋಡೋಣ’ ಅಂದ. ನಾನು ಹೂಂ ಅಂದಿದ್ದು ಸಿನಿಮಾಗೆ ಅಲ್ಲ. ಗೋಡೆ ಮೇಲೆ ಅಣ್ಣಾವ್ರು ಬೀಳೋದಾದ್ರೆ ನನ್ನ ಬಟ್ಟೆ ಮೇಲೆ ನವಿಲು ಯಾಕೆ ಬೀಳಬಾರದು ಅಂತ ಆಗಲೇ ಲೆಕ್ಕ ಹಾಕಿದ್ದೆ. ಹುಡುಗನ ಉತ್ಸಾಹ ಕುಗ್ಗೋದು ಬೇಡ ಅಂತ ಬಾಯಿ ಬಿಡಲಿಲ್ಲ.

ಇನ್ನೊಂದು ಕಾರಣವೂ ಉಂಟು. ಪ್ರೊಜೆಕ್ಟರ್ ಅನ್ನೋ ಮಾತು ಕೇಳಿದರೆ ನನಗೆ ನಮ್ಮಣ್ಣನ ಚಪ್ಪಲಿ ಡಬ್ಬ ನೆನಪಾಗುತ್ತೆ. ನಿಮ್ಮ ಮನೆಯಲ್ಲೂ ಗಂಡುಹುಡುಗರು ಮಾಡಿರ್ತಾರೆ ಬಿಡಿ. ಸುಟ್ಟುಹೋದ ಬಲ್ಬಿನ ಬುಡ ಹುಷಾರಾಗಿ ಒಡೆದು, ಒಳಗಿನ ತಂತಿಯೆಲ್ಲ ಕಿತ್ತು, ನೀರು ತುಂಬೋದು. ಅದೇ ಲೆನ್ಸು. ಡಬ್ಬದ ಮೇಲೆ ತೂತು ಕೊರೆದು ಬಲ್ಬನ್ನ ಇಳಿಬಿಟ್ಟು, ನಾಲ್ಕು ಬೆರಳು ದೂರದಲ್ಲಿ ಸೀಳು ಮಾಡಿ ಫಿಲ್ಮ್ ತುಂಡು ಸಿಕ್ಕಿಸೋದು. ಬಾಗಿಲು ಕಿಟಕಿ ಮುಚ್ಚಿ, ಅಪ್ಪನ ಪಂಚೆ ಗೋಡೆಗೆ ಕಟ್ಟಿ, ಹೊರಗಿಂದ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನ ಕಿಟಕಿ ಸಂದಿಯಲ್ಲಿ ಒಳಕ್ಕೆ ಬಿಡೋದು. ಕನ್ನಡಿ ಹಿಡಿಯೋ ಕೆಲಸ ಯಾವಾಗಲೂ ಚಿಕ್ಕವರದ್ದೇ, ಅಂದ್ರೆ ನನ್ನದು. ಸೂರ್ಯ ಒಂದು ಕಡೆ ನಿಲ್ಲಲ್ಲ ನೋಡಿ. ಸ್ವಲ್ಪ ಹೊತ್ತಿಗೆ ಬೆಳಕು ಜಾರುತ್ತೆ, ಒಳಗಿಂದ ‘ಮೇಲೆ, ಮೇಲೆ! ಬಲಕ್ಕೆ!’ ಅಂತ ಕೂಗು. ಕೈ ನಡುಗಿದರೆ ಪಂಚೆ ಮೇಲಿನ ನಾಯಕನೂ ನಡುಗೋನು.

ಫಿಲ್ಮ್ ತುಂಡುಗಳು ಸಿಗ್ತಿದ್ದದ್ದು ಟೂರಿಂಗ್ ಟಾಕೀಸಿನ ಆಪರೇಟರ್ ಹತ್ತಿರ. ರೀಲು ಹರಿದಾಗ ಕತ್ತರಿಸಿ ಅಂಟಿಸೋರಲ್ಲ, ಆಗ ಉಳಿದ ಚೂರು. ಅಣ್ಣ ಅವನ್ನ ಗೋಲಿಗೆ, ಬಳಪಕ್ಕೆ, ಹುರಿಗಾಳಿಗೆ ವ್ಯಾಪಾರ ಮಾಡಿ ಕೂಡಿಡ್ತಿದ್ದ. ಆಗ ಗೊತ್ತಿರಲಿಲ್ಲ, ಈಗ ಲೆಕ್ಕ ಹಾಕಿದರೆ ಅಚ್ಚರಿ ಅನಿಸುತ್ತೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ. ನಮ್ಮೂರಿಗೆ ಬರ್ತಿದ್ದ 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಅಡಿಗೆ ಹದಿನಾರು ಚಿತ್ರ. ಅಂದ್ರೆ ಒಂದೂವರೆ ಅಡಿ ಪಟ್ಟಿ ಓಡಿದರೆ ಒಂದೇ ಸೆಕೆಂಡು! ಅಣ್ಣ ವರ್ಷಗಟ್ಟಲೆ ಟ್ರಂಕಿನಲ್ಲಿ ಬೀಗ ಹಾಕಿಟ್ಟಿದ್ದ ಆಸ್ತಿಯೆಲ್ಲ ಸೇರಿದರೂ ಅರ್ಧ ನಿಮಿಷದ ಸಿನಿಮಾ ಆಗ್ತಿರಲಿಲ್ಲ. ಆದರೆ ನಾವು ಒಂದೊಂದು ಚಿತ್ರವನ್ನೂ ಕಾಲು ಗಂಟೆ ನೋಡ್ತಿದ್ವಿ. ಮೊನ್ನೆ ಊರಿಗೆ ಹೋದಾಗ ಆ ಟ್ರಂಕು ತೆಗೆಸಿದೆ. ತುಂಡುಗಳು ಇನ್ನೂ ಇವೆ, ಬಣ್ಣದವೆಲ್ಲ ಕೆಂಪಗಾಗಿವೆ. ಆ ಕಾಲದ ಫಿಲ್ಮಿನಲ್ಲಿ ನೀಲಿ-ಹಸಿರು ಮೊದಲು ಮಾಸಿ ಕೆಂಪೊಂದು ಉಳಿಯುತ್ತಂತೆ. ಸೀರೆ, ಆಕಾಶ, ತೆಂಗಿನ ತೋಟ ಎಲ್ಲಾ ಕುಂಕುಮದ ಬಣ್ಣ.

ಎಲ್ಲಿದ್ದೆ? ಹಾಂ, 7 ಇಂಚಿನ ಗಾಜು. ಅದನ್ನ ಬಿಚ್ಚೋದೇ ಅರ್ಧ ದಿನ ಹಿಡೀತು. ಎಲ್‌ಸಿಡಿಗೆ ತನ್ನದೇ ಬೆಳಕಿಲ್ಲ. ಹಿಂದೆ ಒಂದು ಬಿಳೀ ದೀಪದ ತಟ್ಟೆ ಇರುತ್ತೆ, ಗಾಜು ಬರೀ ಪರದೆಯ ಹಾಗೆ ಬೆಳಕನ್ನ ಬಿಡೋದು, ತಡೆಯೋದು ಮಾಡುತ್ತೆ. ಆ ತಟ್ಟೆ ತೆಗೆದು ಹಾಕಿ ಅಲ್ಲಿ ಜೋರಾದ ದೀಪ ಇಟ್ಟರೆ ಗಾಜೇ ದೊಡ್ಡದೊಂದು ಸ್ಲೈಡು. ತಟ್ಟೆಯ ಜೊತೆ ಮೂರ್ನಾಲ್ಕು ತೆಳು ಹಾಳೆ ಬಂದವು. ಒಂದು ಹಾಲಿನ ಕೆನೆಯಂಥದ್ದು, ಇನ್ನೊಂದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು. ಗೀರಿನ ಹಾಳೆಯನ್ನ ಕಣ್ಣಿಗೆ ಹಿಡಿದರೆ ಎದುರಿನ ದೀಪ ಎರಡಾಗಿ ಕಾಣುತ್ತೆ, ಅಂಚಿನಲ್ಲಿ ಕಾಮನಬಿಲ್ಲು. ನಮ್ಮ ಬೀದಿ ಮಕ್ಕಳು ಅದಕ್ಕೆ ಒಂದು ವಾರ ಕಿತ್ತಾಡಿದ್ದಾರೆ, ನಿಮ್ಮ ಮೊಮ್ಮಗನೂ ಇದ್ದ. ಗಾಜಿನ ಅಂಚಿಗೆ ಅಂಟಿಕೊಂಡ ರಿಬ್ಬನ್ ಕೇಬಲ್ ಮಾತ್ರ ಈರುಳ್ಳಿ ಸಿಪ್ಪೆಯಷ್ಟು ನವುರು. ಮೊದಲನೇ ಗಾಜಿನದು ಹರಿದೇ ಹೋಯ್ತು. ಬಲಗಡೆ ಮೂರು ಬೆರಳಗಲ ಚಿತ್ರವೇ ಬರಲಿಲ್ಲ. ಹುಡುಗ ಮುಂದಿನ ಭಾನುವಾರದವರೆಗೆ ಮಂಕಾಗಿದ್ದ, ಆಮೇಲೆ ಇನ್ನೊಂದು ತಂದ.

ದೀಪಕ್ಕೆ 100 ವ್ಯಾಟಿನ ಎಲ್‌ಇಡಿ. ಉಗುರಿನಗಲದ ಹಳದಿ ಚೌಕ ನೋಡಿ ಇದೇನು ಬೆಳಗುತ್ತೆ ಅಂದುಕೊಂಡೆ. ಹಚ್ಚಿದಾಗ ಕೋಣೆ ನಡುಹಗಲಾಯ್ತು. ಅದನ್ನ ನೇರ ನೋಡಬಾರದು ರೀ, ಮಕ್ಕಳನ್ನಂತೂ ಹತ್ತಿರ ಬಿಡಬಾರದು. ಬಿಸಿಯೂ ಹಾಗೇ ಏರುತ್ತೆ. ಹಳೇ ಕಂಪ್ಯೂಟರಿನ ಅಲ್ಯೂಮಿನಿಯಂ ರೆಕ್ಕೆಗಳ ಗಟ್ಟಿ, ಅದರದೇ ಫ್ಯಾನು, ನಡುವೆ ಬಿಳೀ ಪೇಸ್ಟು ಹಚ್ಚಿ ಕೂರಿಸಿದ. ಇಷ್ಟು ಬೆಳಕಿದ್ದರೆ ಗೋಡೆ ಮೇಲೆ ಹಬ್ಬವೇ ಅಂದುಕೊಂಡ್ರೆ, ಗಾಜು ಇದೆಯಲ್ಲ, ಅದು ಮಹಾ ಜಿಪುಣ. ನೂರು ಪಾಲು ಬೆಳಕು ಹೋದರೆ ಆಚೆ ಬರೋದು ಐದಾರು ಪಾಲು. ಮೊದಲಿಗೆ ಪೋಲರೈಸರ್ ಅನ್ನೋ ಹಾಳೆ ಅರ್ಧಕ್ಕಿಂತ ಹೆಚ್ಚು ಹಿಡಿದುಕೊಳ್ಳುತ್ತೆ. ಆಮೇಲೆ ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಸೋಸುಬಟ್ಟೆ. ಕೆಂಪು ಚುಕ್ಕಿ ಕೆಂಪನ್ನಷ್ಟೇ ಬಿಡುತ್ತೆ, ಮಿಕ್ಕ ಎರಡನ್ನ ನುಂಗುತ್ತೆ. ಅಲ್ಲಿಗೆ ಮೂರರಲ್ಲಿ ಎರಡು ಪಾಲು ಹೋಯ್ತು. ಚುಕ್ಕಿಗಳ ನಡುವಿನ ಗೆರೆ, ತಂತಿ ಇನ್ನಷ್ಟು ತಿನ್ನುತ್ತವೆ. ನುಂಗಿದ ಬೆಳಕು ಎಲ್ಲಿಗೆ ಹೋಗಬೇಕು? ಬಿಸಿಯಾಗಿ ಗಾಜಿನಲ್ಲೇ ಕೂರುತ್ತೆ. ಈ ಮಾತು ನೆನಪಿಟ್ಟುಕೊಂಡಿರಿ, ಮುಂದೆ ಬರುತ್ತೆ.

ದೀಪಕ್ಕೂ ಗಾಜಿಗೂ ನಡುವೆ ಒಂದು, ಗಾಜಿನ ಮುಂದೆ ಇನ್ನೊಂದು, ಹೀಗೆ ಎರಡು ಪ್ಲಾಸ್ಟಿಕ್ ಹಾಳೆ. ಫ್ರೆನೆಲ್ ಲೆನ್ಸ್ ಅಂತಾರೆ. ಮುಟ್ಟಿದರೆ ಗ್ರಾಮಾಫೋನ್ ತಟ್ಟೆಯಂತೆ ಸುತ್ತುಸುತ್ತು ಗೀರು. ಮೊದಲನೆಯದು ಚೆಲ್ಲಾಪಿಲ್ಲಿ ಓಡೋ ಬೆಳಕನ್ನ ಸಾಲಾಗಿ ನಿಲ್ಲಿಸುತ್ತೆ, ಎರಡನೆಯದು ಸಾಲನ್ನ ಕೂಡಿಸಿ ಲೆನ್ಸಿನ ಬಾಯಿಗೆ ಕಳಿಸುತ್ತೆ. ನನಗೆ ಅದನ್ನ ನೋಡಿದ ತಕ್ಷಣ ಕಾಲೇಜು ನೆನಪಾಯ್ತು. ಆಗ ಓಎಚ್‌ಪಿ ಅಂತ ಇತ್ತಲ್ಲ, ಮೇಷ್ಟ್ರು ಪಾರದರ್ಶಕ ಹಾಳೆ ಮೇಲೆ ಪೆನ್ನಲ್ಲಿ ಬರೆದರೆ ಗೋಡೆ ಮೇಲೆ ಕಾಣೋದು? ಅದರ ಗಾಜಿನ ಕೆಳಗೆ ಇದೇ ಸುತ್ತುಗೀರು. ಪಾಠಕ್ಕಿಂತ ಹೆಚ್ಚು ಹೊತ್ತು ಆ ಸುತ್ತುಗಳನ್ನ ನೋಡಿದ್ದೇನೆ. ಮೇಷ್ಟ್ರ ಬೆರಳು ಗೋಡೆ ಮೇಲೆ ಒನಕೆಯಷ್ಟು ದಪ್ಪಗೆ ಕಾಣ್ತಿತ್ತು, ಉಂಗುರ ಬಳೆಯಷ್ಟು.

ಈ ಸುತ್ತುಗಳ ಹಿಂದೆ ಇರೋ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ. ಅಗಸ್ಟಿನ್ ಫ್ರೆನೆಲ್, ಫ್ರಾನ್ಸಿನವನು. ದೀಪಸ್ತಂಭಕ್ಕೆ ದೊಡ್ಡ ಲೆನ್ಸ್ ಬೇಕಿತ್ತು, ಇಡೀ ಗಾಜಿನಲ್ಲಿ ಮಾಡಿದರೆ ಬೀಸುವ ಕಲ್ಲಿಗಿಂತ ಭಾರ. ಬೆಳಕು ತಿರುಗೋದು ಗಾಜಿನ ಮೇಲ್ಮೈಯಲ್ಲಿ, ಒಳಗಿನ ದಪ್ಪ ಬರೀ ಹೊರೆ ಅಂತ ಕಂಡುಕೊಂಡು ಮೇಲ್ಮೈಯನ್ನಷ್ಟೇ ಉಂಗುರ ಉಂಗುರವಾಗಿ ಉಳಿಸಿಕೊಂಡ. 1823ರಲ್ಲಿ ಕೋರ್ದುಆನ್ ಅನ್ನೋ ದೀಪಸ್ತಂಭದಲ್ಲಿ ಅದನ್ನ ಹಚ್ಚಿದರು. ಅವನು ತೀರಿಕೊಂಡದ್ದು 1827ರಲ್ಲಿ, ಮೂವತ್ತೊಂಬತ್ತೇ ವಯಸ್ಸು. ಸಮುದ್ರದಲ್ಲಿ ದಾರಿ ತಪ್ಪಿದ ಹಡಗಿಗೆ ಅಂತ ಮಾಡಿದ್ದು ಇವತ್ತು ನನ್ನ ಕೋಣೆಯಲ್ಲಿ ಮದುವೆ ರವಿಕೆಗೆ ಬೆಳಕು ಕೂಡಿಸ್ತಾ ಇದೆ. ಯೋಚಿಸಿದರೆ ಮೈ ಜುಮ್ಮೆನ್ನುತ್ತೆ ನನಗೆ.

ಕೊನೆಗೆ ಮುಂದಿನ ಲೆನ್ಸು. ಮೊದಲು ಪುಸ್ತಕದಂಗಡಿಯ ಭೂತಗನ್ನಡಿ ಹಾಕಿ ನೋಡಿದ್ವಿ. ನಡುವೆ ಚೆನ್ನ, ಅಂಚಿಗೆ ಹೋದಂತೆ ಗೆರೆಗಳಿಗೆ ಕಾಮನಬಿಲ್ಲಿನ ಬಾರ್ಡರ್. ನೇರ ಗೆರೆಯೂ ಬಿಲ್ಲಿನ ಹಾಗೆ ಬಾಗೋದು. ಸಿನಿಮಾಗೆ ಪರವಾಗಿಲ್ಲವೇನೋ, ನನಗೆ ಗೆರೆ ಬಾಗಿದರೆ ಕತ್ತಿನ ಸುತ್ತು ಕೂರಲ್ಲ. ಹಳೇ ಪ್ರೊಜೆಕ್ಟರೊಂದರ ಮೂರು ಗಾಜು ಜೋಡಿಸಿದ ಲೆನ್ಸ್ ಹುಡುಕಿ ತಂದ ಮೇಲೆ ಅದು ಸರಿಹೋಯ್ತು. ಅದರ ನಾಭಿದೂರ ಎಷ್ಟು ಅಂತ ಯಾರೂ ಬರೆದಿರಲಿಲ್ಲ. ಹುಡುಗ ಕೋಣೆ ಬಾಗಿಲು ಮುಚ್ಚಿ ಕಿಟಕಿ ಒಂದೇ ತೆಗೆದು, ಎದುರು ಗೋಡೆಗೆ ಲೆನ್ಸ್ ಹಿಡಿದ. ಹಿಂದೆ ಮುಂದೆ ಮಾಡ್ತಾ ಒಂದು ಕಡೆ ನಿಲ್ಲಿಸಿದರೆ ಗೋಡೆ ಮೇಲೆ ನಮ್ಮ ನುಗ್ಗೆಮರ, ನಿಮ್ಮ ಮನೆಯ ನೀರಿನ ಟ್ಯಾಂಕು, ಒಣಹಾಕಿದ ಸೀರೆ, ಎಲ್ಲಾ ತಲೆಕೆಳಗಾಗಿ, ಬಣ್ಣದ ಸಮೇತ. ಸೀರೆ ಗಾಳಿಗೆ ಹಾರಾಡೋದೂ ಕಾಣ್ತಿತ್ತು. ಲೆನ್ಸಿಗೂ ಗೋಡೆಗೂ ಇಂಚು ಟೇಪು ಹಿಡಿದರೆ 20 ಸೆಂಟಿಮೀಟರ್. ಅದೇ ನಾಭಿದೂರ.

ಹಂಪಿಯ ವಿರೂಪಾಕ್ಷನ ಗುಡಿಯಲ್ಲೂ ಇಂಥದ್ದೇ ನೋಡಿದ್ದೀರಲ್ಲ? ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಯ ಗೋಡೆ ಮೇಲೆ ಒಂಬತ್ತು ಅಂತಸ್ತಿನ ಮೂಡಣ ಗೋಪುರ ತಲೆಕೆಳಗಾಗಿ ಬೀಳುತ್ತೆ. ಅಲ್ಲಿ ಲೆನ್ಸೂ ಇಲ್ಲ, ದೀಪವೂ ಇಲ್ಲ. ಕಿಂಡಿ ಒಂದು, ಕತ್ತಲು ಒಂದು. ನಾವು ಹೋದಾಗ ಮನೆಯವರು ಗೋಪುರದ ಫೋಟೋ ತೆಗೀತಾ ಹೊರಗೇ ನಿಂತಿದ್ದರು, ನಾನು ಒಳಗೆ ಆ ಬೋರಲು ಗೋಪುರ ನೋಡ್ತಾ ನಿಂತವಳು ಬಸ್ಸಿನವರು ಕೂಗಿದ ಮೇಲೇ ಕದಲಿದ್ದು. ಬೆಳಕು ನೇರ ಹೋಗುತ್ತೆ, ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ. ಶಾಲೆಯಲ್ಲಿ ಇದೇ ಪಾಠ ಗೆರೆ ಎಳೆದು ಹೇಳಿದ್ದರು, ಮನಸ್ಸಿಗೆ ಇಳಿದದ್ದು ಆ ಕೋಣೆಯಲ್ಲಿ.

ನಮ್ಮ ಪೆಟ್ಟಿಗೆಯೂ ಮೊದಲ ರಾತ್ರಿ ಹಾಗೇ ತೋರಿಸಿತು. ಗೋಡೆಯಿಂದ 1.6 ಮೀಟರ್ ದೂರದಲ್ಲಿಟ್ಟು ಹಚ್ಚಿದ. ಏಳು ಇಂಚಿನದು ಏಳು ಪಟ್ಟು ಹಿಗ್ಗಿ 49 ಇಂಚಾಯ್ತು. ಚಿತ್ರ ಕೆರೆ ನೀರಲ್ಲಿ ಕಂಡ ಹಾಗೆ, ಎಡ ಬಲ ಸರಿ, ತಲೆ ಮಾತ್ರ ಕೆಳಗೆ. ಗಾಜನ್ನ ಬುಡಮೇಲು ತಿರುಗಿಸಿದ. ತಲೆ ಮೇಲೆ ಬಂತು, ಅಕ್ಷರ ಕನ್ನಡಿಯಲ್ಲಿ ಓದಿದ ಹಾಗಾಯ್ತು! ಆಮೇಲೆ ಗಾಜಿನ ಮುಖ ಹಿಂದುಮುಂದು ಮಾಡಿದಾಗ ಎಲ್ಲಾ ಸರಿ. ಈ ಎಡಬಲದ ಆಟ ನನಗೆ ಆಗಲೇ ಬಹಳ ಹಿಡಿಸಿತು, ಯಾಕೆ ಅಂತ ಹೇಳ್ತೀನಿ ತಡೀರಿ.

ಅಣ್ಣಾವ್ರ ಹಾಡು ಶುರುವಾಯ್ತು. ಕಿಟಕಿಗೆ ಕಂಬಳಿ ಕಟ್ಟಿದರೂ ಚಿತ್ರ ಮಂಕು, ಅಮಾವಾಸ್ಯೆ ಹತ್ತಿರದ ಬೆಳದಿಂಗಳು ಅನ್ನಿ. ಅರ್ಧ ಗಂಟೆಯಾಗಿರಬೇಕು, ನಡುವೆ ಒಂದು ಕರಿಮೋಡ ಮೂಡಿತು. ಸಣ್ಣದಾಗಿ ಶುರುವಾಗಿ ಹರಡ್ತಾ ಹರಡ್ತಾ ಕೊನೆಗೆ ಅಣ್ಣಾವ್ರ ಮುಖವೇ ಕಾಣದು. ಹುಡುಗ ಹೆದರಿ ಆರಿಸಿದ. ಹತ್ತು ನಿಮಿಷ ಬಿಟ್ಟು ಹಚ್ಚಿದರೆ ಮೋಡವೇ ಇಲ್ಲ! ನುಂಗಿದ ಬೆಳಕು ಬಿಸಿಯಾಗುತ್ತೆ ಅಂದೆನಲ್ಲ, ಅದರದ್ದೇ ಕೆಲಸ. ಗಾಜಿನೊಳಗಿನ ದ್ರವಹರಳು ಒಂದು ಮಿತಿಗಿಂತ ಕಾದರೆ ತನ್ನ ಶಿಸ್ತು ಬಿಟ್ಟು ಬರೀ ದ್ರವವಾಗುತ್ತೆ, ಬೆಳಕು ಹಾಯಲ್ಲ. ಆರಿದರೆ ಮತ್ತೆ ಸಾಲಿಗೆ ನಿಲ್ಲುತ್ತೆ. ಹಾಗಂತ ಪದೇ ಪದೇ ಕಾಯಿಸಬಾರದು, ಪೋಲರೈಸರ್ ಹಾಳೆ ಸುಟ್ಟು ಹಳದಿಯಾದರೆ ಅದು ವಾಪಸು ಬರಲ್ಲ.

ಮಾರನೇ ದಿನ ನಾನು ಬಾಯಿ ಬಿಟ್ಟೆ. ‘ಮಗಾ, ಇದನ್ನ ನೇತುಹಾಕಿ ಕೆಳಮುಖ ಮಾಡು. ನನಗೆ ಗೋಡೆ ಬೇಡ, ರವಿಕೆ ಕಣದಷ್ಟು ಜಾಗ ಸಾಕು.’ ಅವನು ಒಂದು ಗಳಿಗೆ ಸುಮ್ಮನಿದ್ದು ಕಾಗದ ಪೆನ್ನು ತಗೊಂಡ. ಏಳು ಪಟ್ಟು ಬೇಡ, ಮೂರು ಪಟ್ಟು ಸಾಕು ಅಂದ್ರೆ ಲೆನ್ಸಿಂದ ಬಟ್ಟೆಗೆ 80 ಸೆಂಟಿಮೀಟರ್, ಗಾಜಿಂದ ಲೆನ್ಸಿಗೆ ಸುಮಾರು 27. ಬಟ್ಟೆ ಮೇಲೆ ಚಿತ್ರ 46 ಸೆಂಟಿಮೀಟರ್ ಅಗಲ, 26 ಉದ್ದ. ಬೆನ್ನಿನ ಡಿಸೈನಿಗೆ ಹೇಳಿ ಮಾಡಿಸಿದ ಅಳತೆ. ಸ್ಟ್ಯಾಂಡಿನ ಮೇಲೆ ತಾರಸಿಯ ಕೊಂಡಿಯಿಂದ ಪೆಟ್ಟಿಗೆ ಇಳಿಬಿಟ್ಟು ಹಚ್ಚಿದೆವು ನೋಡಿ, ಹಗಲು ಹನ್ನೊಂದು ಗಂಟೆ, ಕಿಟಕಿಗೆ ಪರದೆ ಎಳೆದಿದ್ದಷ್ಟೇ. ನವಿಲು ಬಟ್ಟೆ ಮೇಲೆ ಬೆಣ್ಣೆಯಲ್ಲಿ ಬರೆದ ಹಾಗೆ ಹೊಳೀತಿತ್ತು!

ದೀಪ ಅದೇ, ಗಾಜು ಅದೇ. ಏಳು ಪಟ್ಟು ಹಿಗ್ಗಿಸಿದಾಗ ಬೆಳಕು ನಲವತ್ತೊಂಬತ್ತು ಪಾಲಾಗಿ ಹರಡಬೇಕಿತ್ತು, ಮೂರು ಪಟ್ಟಿಗೆ ಒಂಬತ್ತೇ ಪಾಲು. ಅಂದ್ರೆ ಐದು ಪಟ್ಟಿಗೂ ಮೇಲೆ ಪ್ರಖರ. ಒಂದು ಲೋಟ ಪಾಯಸವನ್ನ ಊರಿಗೆಲ್ಲ ಹಂಚೋದಕ್ಕೂ ಮನೆಮಂದಿಗೆ ಬಡಿಸೋದಕ್ಕೂ ಇರೋ ವ್ಯತ್ಯಾಸ, ಅಲ್ವಾ? ಎಲ್‌ಇಡಿಯನ್ನ ಅರ್ಧಕ್ಕೆ ಇಳಿಸಿದರೂ ಸಾಕಾಯ್ತು. ಇನ್ನೊಂದು ಲಾಭ ನಾವು ಎಣಿಸಿಯೇ ಇರಲಿಲ್ಲ. ಪೆಟ್ಟಿಗೆ ನೆಟ್ಟಗೆ ನಿಂತಾಗ ದೀಪ ಮೇಲಿರುತ್ತೆ, ಗಾಜು ಕೆಳಗೆ. ಬಿಸಿಗಾಳಿ ಮೇಲಕ್ಕೇ ಹೋಗುತ್ತೆ. ಕರಿಮೋಡ ಆಮೇಲೆ ಒಂದು ದಿನವೂ ಬಂದಿಲ್ಲ.

ಬಟ್ಟೆಗೆ ನವಿಲು ಬಿತ್ತು ಅಂತ ಕೆಲಸ ಮುಗೀತೇ? ಮೊದಲ ಜೋಡಿ ತೋಳು ಬರೆದು ಅಳೆದರೆ ಒಂದರ ಅಂಚು ಇನ್ನೊಂದಕ್ಕಿಂತ ಅರ್ಧ ಇಂಚು ಉದ್ದ. ಕಾರಣ ಪೆಟ್ಟಿಗೆಯ ಓರೆ. ಒಂದು ಪಕ್ಕ ಬಟ್ಟೆಗೆ ಹತ್ತಿರ, ಇನ್ನೊಂದು ದೂರ, ಚೌಕ ಹೋಗಿ ಮೊರದ ಆಕಾರ. ಎದುರು ಬೀದಿ ಗಾರೆ ಮೇಸ್ತ್ರಿ ಹತ್ತಿರ ತೂಗುಗುಂಡು, ರಸಮಟ್ಟ ಎರಡನ್ನೂ ಇಸಕೊಂಡು ಬಂದೆ. ಸ್ಟ್ಯಾಂಡಿಗೆ ರಸಮಟ್ಟ ಇಟ್ಟು ಗುಳ್ಳೆ ನಡುವೆ ತಂದು, ಲೆನ್ಸಿನ ನಡುವಿಂದ ಗುಂಡು ಇಳಿಬಿಟ್ಟು, ಅದು ಚಿತ್ರದ ನಡುಚುಕ್ಕಿಗೆ ಮುಟ್ಟೋ ಹಾಗೆ ಸರಿಮಾಡಿದ್ವಿ. ಈಗ ಪ್ರತಿ ಡಿಸೈನಿಗೂ ಮೊದಲು ಬರೀ ಚೌಕುಳಿ ಬಿಡ್ತೀನಿ. ಚೌಕುಳಿಯಲ್ಲಿ 10 ಸೆಂಟಿಮೀಟರ್ ಅಂತ ಗುರುತು ಹಾಕಿದ್ದು ಬಟ್ಟೆ ಮೇಲೆ ಅಳೆದರೂ 10 ಬರಬೇಕು, ನಾಲ್ಕು ಮೂಲೆಯಲ್ಲೂ. ಬಂದರೆ ಸೂಜಿಗೆ ಕೈ. ಮೇಸ್ತ್ರಿ ಒಂದು ಸಂಜೆ ಬಂದು ನೋಡಿ, ‘ಗೋಡೆ ಕಟ್ಟೋಕೂ ರವಿಕೆ ಕಟ್ಟೋಕೂ ಮಟ್ಟ ಒಂದೇನಾ ಅಮ್ಮಾ’ ಅಂತ ನಕ್ಕರು. ಗುಂಡನ್ನ ವಾಪಸು ಕೇಳಿಲ್ಲ, ಒಳ್ಳೆಯ ಮನುಷ್ಯರು.

ಎಡಬಲದ ಆಟ ಅಂದೆನಲ್ಲ? ತೋಳಿಗೆ ಅದೇ ಬೇಕು. ಎಡತೋಳಿನ ಆನೆ ಬಲಕ್ಕೆ ನೋಡಿದರೆ ಬಲತೋಳಿನದು ಎಡಕ್ಕೆ ನೋಡಬೇಕು. ಮುಂಚೆ ಕಾಗದ ಮಗುಚಿ ಮತ್ತೆ ಉಜ್ಜಬೇಕಿತ್ತು, ಹೊಸ ಬಟ್ಟೆಗೆ ಹಳೇ ಪುಡಿ ಮೆತ್ತಿಕೊಳ್ಳೋದು. ಈಗ ಒಂದು ಗುಂಡಿ ಒತ್ತಿದರೆ ಆನೆ ತಿರುಗಿ ನಿಲ್ಲುತ್ತೆ.

ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಇನ್ನೊಂದು. ಬಿಳೀ ಪೆನ್ಸಿಲ್ ಹಿಡಿದು ಗೆರೆ ತಿದ್ದುವಾಗ ಬೆಳಕಿಗೆ ಕೈ ಅಡ್ಡ ಬರುತ್ತೆ. ಆಗ ನವಿಲು ಬಟ್ಟೆ ಬಿಟ್ಟು ಮುಂಗೈ ಮೇಲೆ ಹತ್ತುತ್ತೆ. ಕೊಕ್ಕು ಬೆರಳಿನ ಮೇಲೆ, ಗರಿ ಮಣಿಕಟ್ಟಿನ ಮೇಲೆ, ಬಳೆ ಮೇಲೂ ಒಂದೆರಡು ಕಣ್ಣು. ಮೆಹಂದಿ ಹಚ್ಚದೇ ಹಚ್ಚಿದ ಹಾಗೆ. ಕೈ ತೆಗೆದರೆ ಮತ್ತೆ ಬಟ್ಟೆಗೆ ಇಳಿಯುತ್ತೆ. ಪಕ್ಕಕ್ಕೆ ಕೂತು ಓರೆಯಾಗಿ ಪೆನ್ಸಿಲ್ ಹಿಡಿಯೋದನ್ನ ಈಗ ಕಲಿತಿದ್ದೀನಿ, ಆದರೂ ದಿನಕ್ಕೊಮ್ಮೆ ಬೇಕಂತಲೇ ಕೈ ಚಾಚ್ತೀನಿ.

ಬಣ್ಣದ ವಿಷಯಕ್ಕೆ ಹುಷಾರಾಗಿರಬೇಕು. ಕೆಂಪು ರೇಷ್ಮೆ ಮೇಲೆ ಹಸಿರು ಗೆರೆ ಬಿಟ್ಟರೆ ಗೆರೆಯೇ ಮಾಯ. ಕೆಂಪು ಬಟ್ಟೆ ಹಸಿರು ಬೆಳಕನ್ನ ವಾಪಸು ಕೊಡಲ್ಲವಲ್ಲ. ನಾನು ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆ ಇಟ್ಟುಕೊಂಡಿದ್ದೀನಿ, ಎಂಥ ಬಣ್ಣಕ್ಕೂ ನಡೆಯುತ್ತೆ. ಗಾಜಿನ ಕಪ್ಪು ಪೂರ್ತಿ ಕಪ್ಪಲ್ಲ, ಬೂದಿ ಬೂದಿ. ಅದಕ್ಕೇ ನಿಮಗೆ ಕಿಟಕಿಯಲ್ಲಿ ಸದಾ ಒಂದು ಮಬ್ಬು ಬೆಳಕು ಕಂಡಿದ್ದು. ಮುಂಗಾರಿನಲ್ಲಿ ಮಾತ್ರ ಗಾಳಿಕಿಂಡಿಯಲ್ಲಿ ಮಳೆಹುಳ ನುಗ್ಗಿ, ಬಟ್ಟೆ ಮೇಲೆ ಮೂರು ಪಟ್ಟು ದೊಡ್ಡ ಹುಳ ನಡೆದಾಡ್ತಿತ್ತು. ಸೊಳ್ಳೆಪರದೆಯ ತುಂಡು ಅಂಟಿಸಿದ ಮೇಲೆ ನಿಂತಿತು.

ಅಂಗಡಿಯಲ್ಲಿ ಸಿದ್ಧವಾಗಿ ಸಿಗೋದನ್ನ ಬಿಟ್ಟು ಇಷ್ಟೆಲ್ಲ ಯಾಕೆ ಅಂತ ನಾದಿನಿ ಕೇಳಿದಳು. ಅಂಗಡಿಯವು ಗೋಡೆಗೆ ಎಸೆಯೋಕೆ ಅಂತ ಮಾಡಿದವು, ಕಡಿಮೆ ಬೆಲೆಯ ಬಹಳಷ್ಟರಲ್ಲಿ ಇರೋದೂ ಇದೇ ಎಲ್‌ಇಡಿ, ಇದೇ ಎಲ್‌ಸಿಡಿ, ಇದೇ ಸುತ್ತುಗೀರಿನ ಹಾಳೆ. ನನ್ನ ಸ್ಟ್ಯಾಂಡಿಗೆ, ನನ್ನ ತಾರಸಿಗೆ, ಸುಮಾರು ಒಂದು ಮೊಳ ಅಗಲದ ಚಿತ್ರಕ್ಕೆ ಅಂತ ಯಾರು ಮಾಡಿಕೊಡ್ತಾರೆ? 1890ರ ದಶಕದಲ್ಲಿ ಮುಂಬೈ ಹತ್ತಿರದ ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನ್ ಅನ್ನೋರು ಮಕ್ಕಳ ಜೊತೆ ಸೇರಿ ಗಾಜಿನ ಮೇಲೆ ಕೈಯಾರೆ ಚಿತ್ರ ಬರೆದು, ಮಾಯಾ ಲಾಂದ್ರದಲ್ಲಿ ಪುರಾಣದ ಕಥೆ ತೋರಿಸ್ತಿದ್ದರು. ಶಾಂಬರಿಕ ಖರೋಲಿಕಾ ಅಂತ ಅದರ ಹೆಸರು. ಮುಂಬೈಗೆ ಸಿನಿಮಾ ಬಂದದ್ದು ಆಮೇಲೆ, 1896ರ ಜುಲೈನಲ್ಲಿ. ತಮಗೆ ಬೇಕಾದ್ದನ್ನ ಮನೆಮಂದಿ ಕೂತು ಮಾಡಿಕೊಳ್ಳೋದು ಹೊಸದಲ್ಲ ರೀ ನಮಗೆ. ಕೈಕೆಲಸ ಮಾಡೋ ಒಬ್ಬೊಬ್ಬ ಹೆಣ್ಣುಮಗಳ ಕೋಣೆಯಲ್ಲೂ ಇಂಥದ್ದೊಂದು ಪೆಟ್ಟಿಗೆ ನೇತಾಡಬೇಕು ಅಂತ ನನಗೆ ಆಸೆ. ಸೂಜಿ ತೂತಿಗೆ ಹೋಗೋ ಹೊತ್ತು ಹೊಲಿಗೆಗೆ ಸಿಗುತ್ತೆ.

ಚುಚ್ಚಿದ ಕಾಗದಗಳನ್ನ ಎಸೆದಿಲ್ಲ. ಒಂದು ನವಿಲನ್ನ ಕಿಟಕಿಗೆ ಅಂಟಿಸಿದ್ದೀನಿ, ಬೆಳಗಿನ ಬಿಸಿಲಿಗೆ ನೆಲದ ಮೇಲೆ ಚುಕ್ಕಿ ಬೀಳ್ತವೆ.

ನಿಮ್ಮ ಸೊಸೆಯ ಸೀಮಂತ ಶ್ರಾವಣದಲ್ಲಿ ಅಂದ್ರಲ್ಲ? ಸಂಜೆ ಹಸಿರು ಕಣ ತಗೊಂಡು ಮೇಲೆ ಬನ್ನಿ, ಯಾವ ಡಿಸೈನು, ಎಷ್ಟು ದೊಡ್ಡದು ಅಂತ ಬಟ್ಟೆ ಮೇಲೇ ಬಿಟ್ಟು ನೋಡಿ ಆರಿಸೋಣ. ಬಾಗಿಲು ಮಾತ್ರ ಮೆಲ್ಲಗೆ ತೆಗೀರಿ, ಪೆಟ್ಟಿಗೆ ಅಲ್ಲಾಡಿದರೆ ಮತ್ತೆ ಗುಂಡು ಇಳಿಬಿಡಬೇಕು.